ಸಿಲಿಕೋಸಿಸ್‌ಗೆ ಸ್ಟೆಮ್ ಸೆಲ್ ಚಿಕಿತ್ಸೆ: ಸಾಲ ಮಾಡಿ ಕೊಡಿಸಬೇಕಾ?

ನಿಮ್ಮ ತಂದೆಯವರು ಕಲ್ಲು ಕತ್ತರಿಸುವ ಕೆಲಸ ಮಾಡಿ ಸಿಲಿಕೋಸಿಸ್ (ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಬಂದಿದೆ, ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶಗಳಾಗಿ ಬದಲಾಗಬಲ್ಲ ಮೂಲ ಕೋಶಗಳು) ಹಾಕಿದರೆ ಶ್ವಾಸಕೋಶ ಮತ್ತೆ ಹೊಸದಾಗುತ್ತೆ ಅಂತ ಒಂದು ಕ್ಲಿನಿಕ್ ಹೇಳಿದೆ, ಸಾಲ ಮಾಡಿಯಾದರೂ ಕೊಡಿಸಬೇಕಾ ಅಂತ ಕೇಳಿದ್ದೀರಿ. ಬೇಡ. ದಯವಿಟ್ಟು ಸಾಲ ಮಾಡಬೇಡಿ. ನಮ್ಮಣ್ಣನಿಗೂ ಇದೇ ಕಾಯಿಲೆ. ಆ ಆಸೆ ಎಷ್ಟು ಎಳೆಯುತ್ತದೆ ಅಂತ ನನಗೆ ಗೊತ್ತು. ನಾನು ಡಾಕ್ಟರ್ ಅಲ್ಲ, ಅವನ ಜೊತೆ ಓಡಾಡುತ್ತಾ ಕೇಳಿ, ಓದಿ ತಿಳಿದದ್ದನ್ನು ಹೇಳುತ್ತೇನೆ.

ಕಲ್ಲಿನ ನುಣ್ಣನೆಯ ಧೂಳು ಶ್ವಾಸಕೋಶದ ಆಳಕ್ಕೆ ಹೋಗಿ ಕೂರುತ್ತದೆ. ಅಲ್ಲಿನ ರಕ್ಷಕ ಕೋಶಗಳು ಅದನ್ನು ನುಂಗುತ್ತವೆ, ಆದರೆ ಕರಗಿಸಲು ಆಗುವುದಿಲ್ಲ. ಅವು ಸತ್ತಾಗ ಧೂಳು ಮತ್ತೆ ಹೊರಬೀಳುತ್ತದೆ, ಇನ್ನೊಂದು ಕೋಶ ಬಂದು ನುಂಗುತ್ತದೆ. ಹೀಗೆ ಉರಿಯೂತ ನಿಲ್ಲುವುದೇ ಇಲ್ಲ, ಮೆತ್ತಗಿರಬೇಕಾದ ಜಾಗ ಗಾಯದ ಕಲೆಯಂತೆ ಗಟ್ಟಿಯಾಗುತ್ತಾ ಹೋಗುತ್ತದೆ. ಕೆಲಸ ಬಿಟ್ಟ ಮೇಲೂ ಕಾಯಿಲೆ ಜಾಸ್ತಿಯಾಗುವುದು ಇದಕ್ಕೇ.

ಈಗ ಸ್ಟೆಮ್ ಸೆಲ್ ವಿಷಯ. ಸಾಮಾನ್ಯವಾಗಿ ಮೂಳೆಮಜ್ಜೆ, ಕೊಬ್ಬು ಅಥವಾ ಹೊಕ್ಕುಳಬಳ್ಳಿಯಿಂದ ತೆಗೆದ ಕೋಶಗಳನ್ನು ರಕ್ತನಾಳಕ್ಕೆ ಕೊಡುತ್ತಾರೆ. ಅವು ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುವುದು ನಿಜ. ಆದರೆ ಹೆಚ್ಚಿನವು ಕೆಲವೇ ದಿನಗಳಲ್ಲಿ ಇಲ್ಲವಾಗುತ್ತವೆ. ಅವು ಹೊಸ ಶ್ವಾಸಕೋಶ ಕಟ್ಟುವುದಿಲ್ಲ. ಉರಿಯೂತ ತಗ್ಗಿಸುವ ರಾಸಾಯನಿಕಗಳನ್ನು ಬಿಡುತ್ತವೆ, ಅಷ್ಟೇ. ಇಲಿಗಳಲ್ಲಿ ಇದರಿಂದ ಉಪಯೋಗ ಕಂಡಿದೆ, ಮನುಷ್ಯರಲ್ಲಿ ಸಣ್ಣ ಪ್ರಯೋಗಗಳೂ ಆಗಿವೆ. ಸಂಶೋಧನೆ ಮುಂದುವರಿಯಲೇಬೇಕು, ಅದರಲ್ಲಿ ನನಗೆ ನಿಜವಾಗಿಯೂ ಭರವಸೆಯಿದೆ. ಆದರೆ ಒಳಗಿನ ಧೂಳು ಅಲ್ಲೇ ಇರುತ್ತದಲ್ವಾ? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಇದುವರೆಗೂ ಯಾವ ಶ್ವಾಸಕೋಶದ ಕಾಯಿಲೆಗೂ ಸ್ಟೆಮ್ ಸೆಲ್ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿಲ್ಲ. ಸರಿಯಾಗಿ ತಯಾರಿಸದ ಕೋಶಗಳಿಂದ ಸೋಂಕು ಬರಬಹುದು, ರಕ್ತ ಹೆಪ್ಪುಗಟ್ಟಬಹುದು. ಮೊದಲೇ ಸೋತಿರುವ ಶ್ವಾಸಕೋಶ ಅದನ್ನು ತಡೆಯುವುದು ಕಷ್ಟ.

ಕ್ಲಿನಿಕ್‌ನವರನ್ನು ಒಂದೇ ಮಾತು ಕೇಳಿ: ಇದು ಪ್ರಯೋಗವೋ, ಚಿಕಿತ್ಸೆಯೋ? ಪ್ರಯೋಗವಾದರೆ ನೈತಿಕ ಸಮಿತಿಯ ಒಪ್ಪಿಗೆ ಪತ್ರ ತೋರಿಸಲಿ, ಪ್ರಯೋಗದ ಔಷಧಕ್ಕೆ ರೋಗಿಯಿಂದ ದೊಡ್ಡ ಮೊತ್ತ ಯಾಕೆ ಅಂತಲೂ ಹೇಳಲಿ. ಚಿಕಿತ್ಸೆ ಅಂದರೆ ಒಪ್ಪಿಗೆ ಕೊಟ್ಟವರು ಯಾರು? ಪ್ರಯೋಗಗಳ ಪಟ್ಟಿ ಇರುವ ವೆಬ್‌ಸೈಟಿನಲ್ಲಿ ನೋಂದಣಿ ಆಗಿದೆ ಅನ್ನುವುದು ಒಪ್ಪಿಗೆ ಅಲ್ಲ.

ಆ ದುಡ್ಡು, ಆ ಶ್ರಮ ಬೇರೆ ಕಡೆ ಹಾಕಿ. ಎಲ್ಲಕ್ಕಿಂತ ಮೊದಲು ಕ್ಷಯ ಪರೀಕ್ಷೆ. ಸಿಲಿಕೋಸಿಸ್ ಇರುವವರಿಗೆ ಕ್ಷಯ ಬರುವ ಸಾಧ್ಯತೆ ತುಂಬಾ ಜಾಸ್ತಿ. ಕೆಮ್ಮು, ತೂಕ ಇಳಿಯುವುದು, ಸಂಜೆ ಜ್ವರ ಇವನ್ನೆಲ್ಲ "ಹಳೆ ಕಾಯಿಲೆಯೇ" ಅಂತ ಸುಮ್ನೆ ಬಿಟ್ಟುಬಿಡುತ್ತಾರೆ, ಗುಣವಾಗಬಹುದಾದ ಕ್ಷಯ ಹಾಗೆ ಒಳಗೇ ಉಳಿದುಬಿಡುತ್ತದೆ. ಧೂಳು ಮತ್ತು ಬೀಡಿ ಸಿಗರೇಟು ಪೂರ್ತಿ ನಿಲ್ಲಬೇಕು. ಫ್ಲೂ, ನ್ಯುಮೋನಿಯಾ ಲಸಿಕೆ ಹಾಕಿಸಿ. ಉಸಿರಾಟದ ಫಿಸಿಯೋಥೆರಪಿಯಿಂದ ಕಲೆ ಹೋಗುವುದಿಲ್ಲ, ಆದರೆ ನಡೆಯುವ ಶಕ್ತಿ ಹೆಚ್ಚುತ್ತದೆ. ನಮ್ಮಣ್ಣನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ.

ಕಲೆ ಬೇಗ ಬೇಗ ಹರಡುತ್ತಿದ್ದರೆ ನಿಂಟೆಡಾನಿಬ್ ಅನ್ನುವ ಔಷಧದ ಬಗ್ಗೆ ಶ್ವಾಸಕೋಶ ತಜ್ಞರನ್ನು ಕೇಳಿ. ಹೀಗೆ ಹೆಚ್ಚುತ್ತಾ ಹೋಗುವ ಶ್ವಾಸಕೋಶದ ಕಲೆಗೆ 2020ರಲ್ಲಿ ಎಫ್‌ಡಿಎ ಇದನ್ನು ಒಪ್ಪಿದೆ. ಅದು ಕಾಯಿಲೆಯ ವೇಗ ತಗ್ಗಿಸಬಹುದು, ವಾಸಿ ಮಾಡುವುದಿಲ್ಲ. ಕಾಯಿಲೆ ತೀರಾ ಮುಂದುವರಿದವರಲ್ಲಿ ಕೆಲವರಿಗೆ ಶ್ವಾಸಕೋಶ ಕಸಿಯೂ ಆಗಬಹುದು. ಅದನ್ನು ಕೇಳುವುದಾದರೆ ತಂದೆಯವರ ಮೈಯಲ್ಲಿ ಶಕ್ತಿ ಇರುವಾಗಲೇ ಕೇಳಿ, ಕೊನೆಯ ಹಂತದವರೆಗೆ ಕಾಯಬೇಡಿ.