ಓದುಗರ ಪ್ರಶ್ನೆ, ನಮ್ಮ ಉತ್ತರ: ಎರಡೇ ಪಕ್ಷಗಳ ನಡುವೆ ಲಿಬರ್ಟೇರಿಯನ್ನರಿಗೆ ಜಾಗ ಎಲ್ಲಿ?

ಸರ್ಕಾರ ಜನರ ಜೇಬಿಗೂ ಕೈ ಹಾಕಬಾರದು, ಮನೆಯೊಳಗೂ ಇಣುಕಬಾರದು. ಪೊಲೀಸ್, ನ್ಯಾಯಾಲಯ, ಗಡಿ ರಕ್ಷಣೆಯಂಥ ಕೆಲವೇ ಕೆಲಸ ನೋಡಿಕೊಂಡಿರಬೇಕು ಎನ್ನುವುದು ಲಿಬರ್ಟೇರಿಯನ್ ವಾದ. ಈ ವಾದ ಮತ್ತು ಅಮೆರಿಕದ ಎರಡು ಪಕ್ಷಗಳ (ರಿಪಬ್ಲಿಕನ್, ಡೆಮಾಕ್ರಟಿಕ್) ರಾಜಕಾರಣ ಕುರಿತು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಅಮೆರಿಕದ ಲಿಬರ್ಟೇರಿಯನ್ ಪಕ್ಷಕ್ಕೆ ಐವತ್ತು ವರ್ಷ ದಾಟಿದೆ. 2016ರಲ್ಲಿ ಅದರ ಅಧ್ಯಕ್ಷೀಯ ಅಭ್ಯರ್ಥಿಗೆ 45 ಲಕ್ಷದ ಹತ್ತಿರ ಮತ ಬಂದಿತ್ತು. ಆದರೂ ಅಲ್ಲಿನ ಸಂಸತ್ತಿಗೆ ಒಬ್ಬರನ್ನೂ ಗೆಲ್ಲಿಸಿ ಕಳಿಸಿಲ್ಲವೇಕೆ? ಜನರಿಗೆ ಆ ವಿಚಾರವೇ ಹಿಡಿಸಿಲ್ಲವೇ?
— ಬಿ.ಎ. ವಿದ್ಯಾರ್ಥಿನಿ, ಕಲಬುರಗಿ

ಹಿಡಿಸಿಲ್ಲ ಎನ್ನುವುದು ಅರ್ಧ ಉತ್ತರ. ಉಳಿದರ್ಧ ನಿಯಮಗಳಲ್ಲಿದೆ.

ಒಂದು ಕ್ಷೇತ್ರಕ್ಕೆ ಒಂದೇ ಸೀಟು, ಹೆಚ್ಚು ಮತ ಬಂದವರು ಗೆದ್ದರು ಎಂಬ ಪದ್ಧತಿ ಇದ್ದಲ್ಲಿ ಕಣ ಇಬ್ಬರ ನಡುವಿನ ಜಿದ್ದಾಜಿದ್ದಿಗೆ ಇಳಿಯುತ್ತದೆ ಎಂದು ಫ್ರಾನ್ಸಿನ ರಾಜಕೀಯ ಶಾಸ್ತ್ರಜ್ಞ ಮಾರಿಸ್ ಡುವರ್ಜೆ 1950ರ ದಶಕದಲ್ಲೇ ತೋರಿಸಿದ್ದರು. ಆದರೆ ಆ ಇಬ್ಬರು ಎಲ್ಲ ಕಡೆಯೂ ಒಂದೇ ಇಬ್ಬರಾಗಿರಬೇಕಿಲ್ಲ. ನಮ್ಮ ಗುರುಮಠಕಲ್‌ನಲ್ಲಿ 2023ರ ವಿಧಾನಸಭಾ ಚುನಾವಣೆಯಲ್ಲಿ ಗೆದ್ದದ್ದು ಜೆಡಿಎಸ್, ಎದುರಿದ್ದದ್ದು ಕಾಂಗ್ರೆಸ್. ಮೂರನೆಯ ಪಕ್ಷದ ಮತ ಒಂದು ಕಡೆ ಗುಡ್ಡೆಯಾಗಿದ್ದರೆ ಸೀಟು ಬರುತ್ತದೆ, ನಾಡೆಲ್ಲ ಚೆಲ್ಲಿಹೋಗಿದ್ದರೆ ಬರುವುದಿಲ್ಲ.

ಅಮೆರಿಕದ ಎರಡು ಅಧ್ಯಕ್ಷೀಯ ಚುನಾವಣೆಗಳಲ್ಲಿ ಎರಡೂ ಪಕ್ಷದ ಹೊರಗಿನಿಂದ ನಿಂತವರನ್ನು ಪಕ್ಕಪಕ್ಕ ಇಟ್ಟು ನೋಡಿ. 1968ರಲ್ಲಿ ಜಾರ್ಜ್ ವಾಲೇಸ್‌ಗೆ ಬಂದದ್ದು ಶೇ 13.5 ಮತ. ಅದರಲ್ಲಿ ಹೆಚ್ಚಿನ ಪಾಲು ದಕ್ಷಿಣದ ರಾಜ್ಯಗಳದ್ದಾಗಿತ್ತು. ಐದು ರಾಜ್ಯ ಗೆದ್ದು 46 ಎಲೆಕ್ಟೋರಲ್ ಮತ (ಪ್ರತಿ ರಾಜ್ಯ ಆರಿಸಿದ ಪ್ರತಿನಿಧಿಗಳು ಅಧ್ಯಕ್ಷರ ಆಯ್ಕೆಗೆ ಹಾಕುವ ಮತ) ಪಡೆದರು. 1992ರಲ್ಲಿ ರಾಸ್ ಪೆರೋಗೆ ಶೇ 18.9 ಬಂತು. ಎಲ್ಲ ರಾಜ್ಯಗಳಲ್ಲೂ ಹಂಚಿಹೋಗಿದ್ದರಿಂದ ಎಲೆಕ್ಟೋರಲ್ ಮತ ಸೊನ್ನೆ. ಅಧ್ಯಕ್ಷರಾಗಲು ಇಂಥ ಒಟ್ಟು 538 ಮತದಲ್ಲಿ 270 ಬೇಕು, 48 ರಾಜ್ಯಗಳಲ್ಲಿ ಮೊದಲು ಬಂದವರಿಗೇ ಆ ರಾಜ್ಯದ ಅಷ್ಟೂ ಮತ. ಲಿಬರ್ಟೇರಿಯನ್ ಮತ ಪೆರೋ ಮತದ ಹಾಗೆ ಚದುರಿದ್ದು, ಅದಕ್ಕಿಂತ ಬಹಳ ತೆಳು: 2016ರಲ್ಲಿ ಗ್ಯಾರಿ ಜಾನ್ಸನ್‌ಗೆ ಶೇ 3.3ರಷ್ಟು, 2020ರಲ್ಲಿ ಜೋ ಜಾರ್ಗನ್ಸನ್‌ಗೆ ಶೇ 1.2ರಷ್ಟು. 1971ರಲ್ಲಿ ಹುಟ್ಟಿದ ಪಕ್ಷಕ್ಕೆ ಮರುವರ್ಷ ಒಂದು ಎಲೆಕ್ಟೋರಲ್ ಮತ ದಕ್ಕಿತ್ತು ನಿಜ. ಅದು ವರ್ಜೀನಿಯಾದ ರಿಪಬ್ಲಿಕನ್ ಪ್ರತಿನಿಧಿಯೊಬ್ಬರು ತಮ್ಮ ಪಕ್ಷ ಬಿಟ್ಟು ಹಾಕಿದ ಮತ.

ಇನ್ನು ಮತಪತ್ರದಲ್ಲಿ ಹೆಸರು ಬರುವುದೇ ದೊಡ್ಡ ಪಾಡು. ಅಲ್ಲಿ ಪ್ರತಿ ರಾಜ್ಯಕ್ಕೂ ಬೇರೆ ಕಾನೂನು. ನ್ಯೂಯಾರ್ಕ್‌ನಲ್ಲಿ ರಾಜ್ಯಪಾಲರ ಚುನಾವಣೆಯಲ್ಲಿ 50 ಸಾವಿರ ಮತ ಬಂದರೆ ಪಕ್ಷಕ್ಕೆ ಮಾನ್ಯತೆ ಸಿಗುತ್ತಿತ್ತು. 2018ರಲ್ಲಿ ಲಿಬರ್ಟೇರಿಯನ್ನರು ಆ ಗೆರೆ ದಾಟಿದರು. 2020ರಲ್ಲಿ ಗೆರೆಯನ್ನೇ ಮೇಲೆತ್ತಿದರು: 1.3 ಲಕ್ಷ ಮತ ಅಥವಾ ಶೇ 2, ಯಾವುದು ಹೆಚ್ಚೋ ಅದು. ಅದೂ ಎರಡು ವರ್ಷಕ್ಕೊಮ್ಮೆ. ಸಿಕ್ಕ ಮಾನ್ಯತೆ ಆ ವರ್ಷವೇ ಹೋಯಿತು. ಮಾನ್ಯತೆ ಇಲ್ಲದವರು ಇಡೀ ರಾಜ್ಯದ ಹುದ್ದೆಗೆ ನಿಲ್ಲಲು ಕೂಡಿಸಬೇಕಾದ ಸಹಿಗಳನ್ನು 15 ಸಾವಿರದಿಂದ 45 ಸಾವಿರಕ್ಕೆ ಏರಿಸಿದರು. ಗಡುವು ಆರು ವಾರ. ಸಹಿ ಹಾಕಿದವರ ಹೆಸರು ಮತದಾರರ ಪಟ್ಟಿಯಲ್ಲಿಲ್ಲ, ವಿಳಾಸ ಹೊಂದುವುದಿಲ್ಲ, ಇನ್ನೊಬ್ಬ ಅಭ್ಯರ್ಥಿಗೂ ಸಹಿ ಕೊಟ್ಟಿದ್ದಾರೆ ಎಂದೆಲ್ಲ ಎದುರಾಳಿಗಳು ತಕರಾರು ತೆಗೆಯುತ್ತಾರೆ. ಹಾಗಾಗಿ ಬೇಕಾದ್ದಕ್ಕಿಂತ ಬಹಳ ಹೆಚ್ಚು ಸಹಿ ಕೂಡಿಸಿಟ್ಟುಕೊಳ್ಳಬೇಕು. ಪ್ರಚಾರಕ್ಕೆ ಇಟ್ಟ ಹಣ ಸಹಿ ಕೂಡಿಸುವುದರಲ್ಲೇ ಕರಗುತ್ತದೆ. ಟಿ.ವಿ. ಚರ್ಚೆಗೆ ಕರೆಯಬೇಕಾದರೆ ಸಮೀಕ್ಷೆಗಳಲ್ಲಿ ಶೇ 15 ಇರಬೇಕೆಂಬ ನಿಯಮ 2000ದಿಂದ ಬಂತು. ಚರ್ಚೆಯಲ್ಲಿ ಕಾಣದವರಿಗೆ ಶೇ 15 ಎಲ್ಲಿಂದ ಬರಬೇಕು? ಇದು ಅನ್ಯಾಯ ಎಂದೇ ನಮ್ಮ ಅಭಿಪ್ರಾಯ. ಆಟದ ನಿಯಮ ಬರೆಯುವವರು ಆಡುವ ಎರಡು ತಂಡದವರೇ.

ಪ್ರಶ್ನೆ: ಹಾಗಿದ್ದರೆ ಬೇರೆ ಪಕ್ಷ ಕಟ್ಟುವುದಕ್ಕಿಂತ ಇರುವ ಪಕ್ಷದ ಒಳಗೇ ಸೇರಿಕೊಳ್ಳುವುದು ಜಾಣತನವಲ್ಲವೇ?
— ನಿವೃತ್ತ ಉಪನ್ಯಾಸಕರು, ಬಸವಕಲ್ಯಾಣ

ಅಮೆರಿಕದ ಮಟ್ಟಿಗೆ ಹೌದು. ರಿಪಬ್ಲಿಕನ್ ಸಂಸದರಾಗಿದ್ದ ರಾನ್ ಪಾಲ್ ಅವರ ಲೆಕ್ಕವೇ ಸಾಕು. 1988ರಲ್ಲಿ ಲಿಬರ್ಟೇರಿಯನ್ ಪಕ್ಷದಿಂದ ಅಧ್ಯಕ್ಷ ಹುದ್ದೆಗೆ ನಿಂತಾಗ ಅವರಿಗೆ ಬಂದದ್ದು 4.3 ಲಕ್ಷ ಮತ, ಶೇ 0.5ರಷ್ಟು. 2012ರಲ್ಲಿ ಹೆಚ್ಚುಕಡಿಮೆ ಅದೇ ವಿಚಾರ ಹಿಡಿದು ರಿಪಬ್ಲಿಕನ್ ಪ್ರೈಮರಿಗೆ ಇಳಿದಾಗ 20 ಲಕ್ಷ ದಾಟಿತು. ಟಿಕೆಟ್ ಸಿಗಲಿಲ್ಲ. ಆದರೆ ಅಮೆರಿಕದ ಕೇಂದ್ರ ಬ್ಯಾಂಕಿನ ಲೆಕ್ಕ ತಪಾಸಣೆಯಾಗಬೇಕು ಎಂಬ ಅವರ ಮಸೂದೆ ಅದೇ ವರ್ಷ ಜುಲೈನಲ್ಲಿ ಕೆಳಮನೆಯಲ್ಲಿ 327–98 ಮತಗಳಿಂದ ಪಾಸಾಯಿತು. ಮೇಲ್ಮನೆಯಾದ ಸೆನೆಟ್‌ನಲ್ಲಿ ಮುಂದೆ ಹೋಗಲಿಲ್ಲ. ಹೊರಗಿನ ಪಕ್ಷದಿಂದ ಇಂಥದ್ದು ಮತಕ್ಕೇ ಬರುತ್ತಿರಲಿಲ್ಲ.

ಪ್ರೈಮರಿ ಎಂದರೆ ಟಿಕೆಟ್ ಯಾರಿಗೆ ಎಂಬುದನ್ನು ಮತದಾರರೇ ತೀರ್ಮಾನಿಸುವ ಚುನಾವಣೆ. ಹೈಕಮಾಂಡ್ ಒಪ್ಪಿಗೆ ಬೇಕಿಲ್ಲ. ಕೆಂಟಕಿಯಲ್ಲಿ 2010ರಲ್ಲಿ ರಾನ್ ಪಾಲ್ ಮಗ ರ‍್ಯಾಂಡ್ ಪಾಲ್, ಪಕ್ಷದ ಹಿರಿಯರ ಬೆಂಬಲವಿದ್ದ ಅಭ್ಯರ್ಥಿಯನ್ನು ಸೋಲಿಸಿಯೇ ಸೆನೆಟ್ ಟಿಕೆಟ್ ಪಡೆದದ್ದು. ಇಲ್ಲಿ ಬೆಂಬಲಿಗರು ಎಡವುವುದು ತಾರೀಖಿನಲ್ಲಿ. ಕೆಂಟಕಿಯಂಥ ಕಡೆ ಆ ಪಕ್ಷದವರೆಂದು ನೋಂದಾಯಿಸಿಕೊಂಡವರಿಗೆ ಮಾತ್ರ ಮತ. ಮೇ ತಿಂಗಳ ಪ್ರೈಮರಿಗೆ ಹಿಂದಿನ ವರ್ಷದ ಡಿಸೆಂಬರ್ 31ರೊಳಗೆ ಪಕ್ಷ ಬದಲಿಸಿರಬೇಕು. ಪ್ರಚಾರ ಕಾವೇರಿದ ಮೇಲೆ ಎಚ್ಚೆತ್ತವರು ಹೊರಗೇ ಉಳಿಯುತ್ತಾರೆ.

ಒಳಗಿರುವುದಕ್ಕೂ ಬೆಲೆ ಇದೆ. ಮಿಷಿಗನ್‌ನ ಜಸ್ಟಿನ್ ಅಮಾಶ್ ರಿಪಬ್ಲಿಕನ್ ಸಂಸದರಾಗಿ ಗೆದ್ದವರು. 2019ರಲ್ಲಿ ಪಕ್ಷ ಬಿಟ್ಟು 2020ರಲ್ಲಿ ಲಿಬರ್ಟೇರಿಯನ್ ಪಕ್ಷ ಸೇರಿದರು. ಆ ಪಕ್ಷದ ಮೊದಲ ಸಂಸದ ಎಂಬ ಹೆಸರು ಬಂತು. ಮರುಚುನಾವಣೆಗೆ ನಿಲ್ಲಲಿಲ್ಲ. 2024ರಲ್ಲಿ ಸೆನೆಟ್ ಟಿಕೆಟ್‌ಗೆ ಮತ್ತೆ ರಿಪಬ್ಲಿಕನ್ ಪ್ರೈಮರಿಗೇ ಬಂದು ಸೋತರು.

ಪ್ರಶ್ನೆ: ನಮ್ದು ಆಳಂದ ಕಡೆ ತೊಗರಿ ರೀ. ಈ ವಾದದವ್ರು ರೈತರ ಪರ ಇರ್ತಾರೋ, ವ್ಯಾಪಾರಸ್ಥರ ಪರವೋ? ಎಡವೋ ಬಲವೋ?
— ರೈತರು, ಆಳಂದ ತಾಲ್ಲೂಕು

ತೊಗರಿಯಲ್ಲೇ ಉತ್ತರ ಕೊಡುತ್ತೇವೆ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ತೊಗರಿ, ಉದ್ದಿಗೆ ದಾಸ್ತಾನು ಮಿತಿ ಹೇರಿತು: ಸಗಟು ವ್ಯಾಪಾರಿಗೆ ಪ್ರತಿ ಕಾಳಿಗೂ 200 ಟನ್, ಚಿಲ್ಲರೆ ಅಂಗಡಿಗೆ 5 ಟನ್. ಖರೀದಿದಾರರು ಹೆಚ್ಚು ಇಟ್ಟುಕೊಳ್ಳುವಂತಿಲ್ಲ ಎಂದಾಗ ಮಾರುಕಟ್ಟೆಯಲ್ಲಿ ಬೇಡಿಕೆ ಇಳಿಯುತ್ತದೆ, ಧಾರಣೆ ಜಗ್ಗುತ್ತದೆ. ಲಿಬರ್ಟೇರಿಯನ್ ಇದನ್ನು ವಿರೋಧಿಸುತ್ತಾರೆ. 2006ರಿಂದ 2017ರ ನವೆಂಬರ್‌ವರೆಗೆ ಇದ್ದ ಬೇಳೆಕಾಳು ರಫ್ತು ನಿಷೇಧವನ್ನೂ ವಿರೋಧಿಸುತ್ತಾರೆ. ಇಷ್ಟರಮಟ್ಟಿಗೆ ಅವರು ನಿಮ್ಮ ಕಡೆ.

ಆದರೆ ಅದೇ ಮಾತನ್ನು ಮುಂದಕ್ಕೂ ಎಳೆಯುತ್ತಾರೆ. ಆಫ್ರಿಕಾ, ಮ್ಯಾನ್ಮಾರ್‌ನಿಂದ ತೊಗರಿ ಸುಂಕವಿಲ್ಲದೆ ಬರಲಿ ಅನ್ನುತ್ತಾರೆ. ಬೆಂಬಲ ಬೆಲೆ (2024–25ಕ್ಕೆ ಕ್ವಿಂಟಲ್‌ಗೆ ₹7,550) ಕೊಟ್ಟು ಸರ್ಕಾರ ಖರೀದಿಸುವುದು ಬೇಡ ಅನ್ನುತ್ತಾರೆ. ಮಳೆ ನಂಬಿದ ಎರೆ ಹೊಲದವರಿಗೆ ಈ ಎರಡನೆಯ ಭಾಗ ಬಲು ಭಾರ. ನಾವು ಇದನ್ನು ಒಪ್ಪುವುದಿಲ್ಲ. ಎಡ–ಬಲದ ಒಂದೇ ಗೆರೆಯಲ್ಲಿ ಅವರನ್ನು ಕೂರಿಸಲಾಗದು. ಆ ಪಕ್ಷ ಕಟ್ಟಿದವರಲ್ಲಿ ಒಬ್ಬರಾದ ಡೇವಿಡ್ ನೋಲನ್ ಇದಕ್ಕೆಂದೇ ಎರಡು ಗೆರೆಯ ನಕ್ಷೆ ಬರೆದರು: ಒಂದು ಆರ್ಥಿಕ ಸ್ವಾತಂತ್ರ್ಯಕ್ಕೆ, ಇನ್ನೊಂದು ಖಾಸಗಿ ಬದುಕಿನ ಸ್ವಾತಂತ್ರ್ಯಕ್ಕೆ. ತೆರಿಗೆ ವಿಷಯ ಬಂದಾಗ ಅವರು ರಿಪಬ್ಲಿಕನ್ನರ ಹತ್ತಿರ. ಗಾಂಜಾ, ಸಲಿಂಗ ವಿವಾಹ ಎಂದರೆ ಡೆಮಾಕ್ರಟರ ಹತ್ತಿರ. ಎರಡೂ ಪಕ್ಷ ಅವರಿಗೆ ಅರ್ಧರ್ಧವೇ.

ಪ್ರಶ್ನೆ: ಇವರು ನಿಲ್ಲುವುದೇ ಮತ ಒಡೆಯುವುದಕ್ಕೆ ಎನ್ನುತ್ತಾರೆ. ನಿಜವೇ?
— ವಕೀಲರು, ಬೀದರ್

ಒಮ್ಮೊಮ್ಮೆ. ಜಾರ್ಜಿಯಾದಲ್ಲಿ ಶೇ 50 ದಾಟದೆ ಯಾರೂ ಗೆಲ್ಲುವಂತಿಲ್ಲ. ದಾಟದಿದ್ದರೆ ಮೊದಲಿಬ್ಬರ ನಡುವೆ ಮರುಸ್ಪರ್ಧೆ. 2020ರ ನವೆಂಬರ್‌ನಲ್ಲಿ ಸೆನೆಟ್ ಸೀಟಿಗೆ ರಿಪಬ್ಲಿಕನ್ ಡೇವಿಡ್ ಪರ್ಡ್ಯೂ ಶೇ 49.7, ಡೆಮಾಕ್ರಟ್ ಜಾನ್ ಆಸಫ್ ಶೇ 47.9, ಲಿಬರ್ಟೇರಿಯನ್ ಅಭ್ಯರ್ಥಿ ಶೇ 2.3 ಪಡೆದರು. ಪರ್ಡ್ಯೂಗೆ ಕಡಿಮೆ ಬಿದ್ದದ್ದು 14 ಸಾವಿರದೊಳಗೆ. ಲಿಬರ್ಟೇರಿಯನ್‌ಗೆ ಹೋದದ್ದು 1.15 ಲಕ್ಷ. 2021ರ ಜನವರಿ 5ರ ಮರುಸ್ಪರ್ಧೆಯಲ್ಲಿ ಆಸಫ್ ಗೆದ್ದರು. ಆ ರಾಜ್ಯದ ಇನ್ನೊಂದು ಸೀಟೂ ಡೆಮಾಕ್ರಟರಿಗೆ ಬಂದು ಸೆನೆಟ್ 50–50 ಆಯಿತು. ಸಮಬಲವಾದಾಗ ಹಾಕುವ ಉಪಾಧ್ಯಕ್ಷೆಯ ಮತದಿಂದ ಡೆಮಾಕ್ರಟರದೇ ಮೇಲುಗೈ.

2022ರಲ್ಲೂ ಅಲ್ಲಿ ಲಿಬರ್ಟೇರಿಯನ್‌ಗೆ ಶೇ 2ರಷ್ಟು ಬಂದು ಮರುಸ್ಪರ್ಧೆಯಾಯಿತು, ಆದರೆ ಮೊದಲ ಸುತ್ತಿನಲ್ಲಿ ಮುಂದಿದ್ದ ಡೆಮಾಕ್ರಟ್ ರಾಫಾಯೆಲ್ ವಾರ್ನಾಕ್ ಅವರೇ ಗೆದ್ದರು. ಒಂದು ಎಚ್ಚರ ಇರಲಿ: ಆ ಶೇ 2 ಮತ ಅಷ್ಟೂ ರಿಪಬ್ಲಿಕನ್ ಪೆಟ್ಟಿಗೆಯಿಂದ ಹೋದದ್ದು ಎಂದು ಕೂಡಿ ಕಳೆಯಬೇಡಿ. ಅದರಲ್ಲಿ ಮನೆಯಲ್ಲೇ ಉಳಿಯುತ್ತಿದ್ದವರೂ, ಡೆಮಾಕ್ರಟರಿಗೆ ಹಾಕುತ್ತಿದ್ದವರೂ ಇರುತ್ತಾರೆ. ಮತ ಯಾವ ಪಕ್ಷದ ಸ್ವತ್ತೂ ಅಲ್ಲ.

ಪ್ರಶ್ನೆ: ನಮ್ಮ ದೇಶದಲ್ಲಿ ಇಂಥ ಪಕ್ಷ ನೋಂದಾಯಿಸಬಹುದೇ? ಏನೇನು ಬೇಕು?
— ಯುವ ಸಂಘಟಕರು, ಸುರಪುರ

ನೋಂದಾಯಿಸಬಹುದು. ಪಕ್ಷ ಸ್ಥಾಪನೆಯಾದ 30 ದಿನದೊಳಗೆ 1951ರ ಜನಪ್ರಾತಿನಿಧ್ಯ ಕಾಯ್ದೆಯ 29ಎ ಕಲಮಿನಡಿ ಚುನಾವಣಾ ಆಯೋಗಕ್ಕೆ ಅರ್ಜಿ ಹಾಕಬೇಕು. ₹10,000 ಶುಲ್ಕದ ಡಿ.ಡಿ., ಪಕ್ಷದ ನಿಯಮಾವಳಿ, ಮತದಾರರಾಗಿರುವ ಕನಿಷ್ಠ 100 ಸದಸ್ಯರ ಪ್ರಮಾಣಪತ್ರ ಜೊತೆಗಿರಬೇಕು. ಆಮೇಲೆ ಆಕ್ಷೇಪಣೆ ಕೇಳಿ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ಅರ್ಜಿ ಸಿಕ್ಕಿಬೀಳುವುದು ಬಹುತೇಕ ಪ್ರಮಾಣಪತ್ರದಲ್ಲಿ: ಅದೇ ಸದಸ್ಯರು ಬೇರೆ ಪಕ್ಷದಲ್ಲೂ ಇರುವಂತಿಲ್ಲ.

ಲಿಬರ್ಟೇರಿಯನ್ನರಿಗೆ ನಿಜವಾದ ತೊಡಕು ಇನ್ನೊಂದಿದೆ. 1988ರ ತಿದ್ದುಪಡಿಯ ಪ್ರಕಾರ ಪಕ್ಷದ ನಿಯಮಾವಳಿಯಲ್ಲಿ ಸಂವಿಧಾನಕ್ಕೂ, ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವದ ತತ್ವಗಳಿಗೂ ನಿಷ್ಠೆ ಬರೆದಿರಲೇಬೇಕು. ಮುಕ್ತ ಮಾರುಕಟ್ಟೆಯ ಪಕ್ಷವೂ ಸಮಾಜವಾದಕ್ಕೆ ನಿಷ್ಠೆ ಬರೆದುಕೊಟ್ಟೇ ನೋಂದಣಿ ಪಡೆಯಬೇಕು. ಮುಕ್ತ ಮಾರುಕಟ್ಟೆಯ ಪರವಾಗಿ ರಾಜಾಜಿ 1959ರಲ್ಲಿ ಕಟ್ಟಿದ ‘ಸ್ವತಂತ್ರ’ ಪಕ್ಷಕ್ಕೆ ಈ ಕಟ್ಟು ಇರಲಿಲ್ಲ. ಅದು 1962ರಲ್ಲಿ 18, 1967ರಲ್ಲಿ 44 ಲೋಕಸಭಾ ಸೀಟು ಗೆದ್ದಿತ್ತು. ಅವುಗಳಲ್ಲಿ ರಾಯಚೂರು ಕ್ಷೇತ್ರವೂ ಒಂದು. 1971ರಲ್ಲಿ 8ಕ್ಕೆ ಕುಸಿದು 1974ರಲ್ಲಿ ಭಾರತೀಯ ಲೋಕದಳದಲ್ಲಿ ಲೀನವಾಯಿತು.

ದೊಡ್ಡ ಪಕ್ಷದ ಒಳಗೆ ಸೇರಿ ಬದಲಿಸುತ್ತೇನೆ ಎಂದರೆ ಇಲ್ಲಿ ಪ್ರೈಮರಿ ಇಲ್ಲ, ಬಿ ಫಾರಂ ಮೇಲಿನಿಂದ ಬರಬೇಕು. ಗೆದ್ದ ಮೇಲೂ ವಿಪ್ ಮೀರಿ ಮತ ಹಾಕಿದರೆ, ಪಕ್ಷ 15 ದಿನದೊಳಗೆ ಮನ್ನಿಸದಿದ್ದಲ್ಲಿ, 1985ರಲ್ಲಿ ಸಂವಿಧಾನಕ್ಕೆ ಬಂದ ಹತ್ತನೇ ಅನುಸೂಚಿಯಡಿ (ಪಕ್ಷಾಂತರ ನಿಷೇಧ) ಸದಸ್ಯತ್ವಕ್ಕೇ ಕುತ್ತು. ರಾನ್ ಪಾಲ್ ತಮ್ಮ ಪಕ್ಷದ ವಿರುದ್ಧ ಮತ ಹಾಕಿಯೂ ಸೀಟು ಉಳಿಸಿಕೊಂಡರು. ಇಲ್ಲಿ ಅದು ಸಾಧ್ಯವಿಲ್ಲ. ಅದಕ್ಕೇ ನಿಮಗೆ ನಮ್ಮ ಸಲಹೆ: ಪಕ್ಷಕ್ಕಿಂತ ಮೊದಲು ಒಂದು ವಿಷಯ ಹಿಡಿಯಿರಿ. ದಾಸ್ತಾನು ಮಿತಿಯಂಥದ್ದನ್ನು ಎತ್ತಿಕೊಂಡು ಕಣದಲ್ಲಿರುವ ಎಲ್ಲ ಪಕ್ಷದ ಅಭ್ಯರ್ಥಿಗಳಿಂದ ಚುನಾವಣೆಗೆ ಮುಂಚೆಯೇ ಬರಹದಲ್ಲಿ ಉತ್ತರ ಪಡೆಯಿರಿ.

ಪ್ರಶ್ನೆ: ಆಯ್ಕೆಗಳಿಗೆ 1, 2, 3 ಎಂದು ಕ್ರಮ ಕೊಡುವ ಪದ್ಧತಿ ಬಂದರೆ ಇವರು ಗೆಲ್ಲುತ್ತಾರೆಯೇ?
— ಶಿಕ್ಷಕಿ, ಹುಮನಾಬಾದ್

ಗೆಲ್ಲುವುದು ಕಷ್ಟ, ಆದರೆ ಮತ ವ್ಯರ್ಥವಾದೀತೆಂಬ ಅಂಜಿಕೆ ಹೋಗುತ್ತದೆ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ನೀವು ಪ್ರಾಶಸ್ತ್ಯದ ಮತ ಹಾಕಿದ್ದರೆ ಇದು ಹೊಸದಲ್ಲ. ಅಮೆರಿಕದ ಮೇನ್ ರಾಜ್ಯ 2018ರಿಂದ ಇದನ್ನು ಬಳಸುತ್ತಿದೆ. ಆ ವರ್ಷ ಅಲ್ಲಿನ ಎರಡನೇ ಸಂಸತ್ ಕ್ಷೇತ್ರದಲ್ಲಿ ಮೊದಲ ಎಣಿಕೆಯಲ್ಲಿ ರಿಪಬ್ಲಿಕನ್ ಮುಂದಿದ್ದರು. ಕೊನೆಯಲ್ಲಿದ್ದ ಇಬ್ಬರು ಪಕ್ಷೇತರರ ಮತಗಳನ್ನು ಎರಡನೇ ಆಯ್ಕೆಯಂತೆ ಹಂಚಿದ ಮೇಲೆ ಡೆಮಾಕ್ರಟ್ ಗೆದ್ದರು. ಪಕ್ಷೇತರರಿಗೆ ಸೀಟು ಬರಲಿಲ್ಲ, ಆದರೆ ಅವರಿಗೆ ಮತ ಹಾಕಿದವರನ್ನು ಕೇಳದೆ ಫಲಿತಾಂಶವೂ ಹೊರಬೀಳಲಿಲ್ಲ.