ಫಾಕ್ಸ್‌ಗ್ಲೋವ್ ಹೂ ಬಿಟ್ಟಿಲ್ಲ, ಎಲೆಯ ಕಷಾಯ ಮಾಡಬಹುದೇ? – ಪ್ರತಿಕ್ರಿಯೆ

ಫಾಕ್ಸ್‌ಗ್ಲೋವ್ ಎಂಬ ವಿಷಕಾರಿ ಹೂಗಿಡ ಏಕೆ ಹೂ ಬಿಟ್ಟಿಲ್ಲ, ಅದರ ಎಲೆಯ ಕಷಾಯವನ್ನು ನಿಮ್ಮ ತಾಯಿಯ ಹೃದಯದ ತೊಂದರೆಗೆ ಕೊಡಬಹುದೇ ಎಂದು ಕೇಳಿದ್ದೀರಿ. ಕಳೆದ ಬೇಸಿಗೆಯಲ್ಲಿ ಇಂಗ್ಲೆಂಡಿನ ಲೀಡ್ಸ್‌ನ ನಿಮ್ಮ ಹಿತ್ತಿಲಲ್ಲಿ ಬಿತ್ತಿದ ಗಿಡ ಇನ್ನೂ ಹೂ ಬಿಡದಿರುವುದಕ್ಕೆ ಕಾರಣ ಬಹುಶಃ ರೋಗವಲ್ಲ. ಅದು ಎರಡು ವರ್ಷ ಬಾಳುವ ಗಿಡವಾದ್ದರಿಂದ ಮೊದಲ ವರ್ಷ ನೆಲಮಟ್ಟದಲ್ಲಿ ಎಲೆಗಳನ್ನಷ್ಟೇ ಹರಡಿ, ಒಂದು ಚಳಿಗಾಲ ಕಳೆದ ಮೇಲೆ ಹೂದಂಟನ್ನು ಎತ್ತುತ್ತದೆ. ನನ್ನ ಗಿಡಗಳೂ ಹೀಗೆಯೇ ಕಾಯಿಸಿದವು.

ಚಿತ್ರವಿಲ್ಲದೆ ಖಚಿತವಾಗಿ ಹೇಳಲಾರೆನಾದ್ದರಿಂದ, ಮೊದಲು ಕೈಗವಸು ಹಾಕಿಕೊಂಡು ಎಲೆಯನ್ನು ಪರೀಕ್ಷಿಸಿ: ಅಂಚಿನಲ್ಲಿ ಸಣ್ಣ ಹಲ್ಲುಗಳಿದ್ದು ಮೈ ಮೃದುವಾಗಿದ್ದರೆ ಫಾಕ್ಸ್‌ಗ್ಲೋವ್, ಅಂಚು ನಯವಾಗಿದ್ದು ರೋಮ ಒರಟಾಗಿದ್ದರೆ ಅದನ್ನೇ ಹೋಲುವ ಕಾಂಫ್ರಿ ಎಂಬ ಗಿಡ ಇರಬಹುದು. ಬಳಿಕ ಗಿಡವನ್ನು ಅರೆನೆರಳಿನಲ್ಲಿ, ನೀರು ನಿಲ್ಲದಂತೆ ಇರಿಸಿ, ಜೂನ್‌ವರೆಗೆ ಕಾಯಿರಿ.

ತಾಯಿಯವರ ಹೃದಯದ ತೊಂದರೆಗೆ ಎಲೆಯ ಕಷಾಯವನ್ನು ಮಾತ್ರ ಖಂಡಿತ ಕೊಡಬೇಡಿ. ಇಂಗ್ಲಿಷ್ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಈ ಗಿಡದ ಔಷಧಗುಣವನ್ನು ವಿವರಿಸಿದ್ದು ನಿಜ. ಆದರೆ ಎಲೆಯಿಂದ ಎಲೆಗೆ ವಿಷದ ಪ್ರಮಾಣ ಬದಲಾಗುತ್ತದೆ, ಕುದಿಸಿದರೂ ಒಣಗಿಸಿದರೂ ಅದು ಹೋಗುವುದಿಲ್ಲ. ಇದೇ ಬಗೆಯ ವಸ್ತುವಿರುವ ಹೃದಯದ ಔಷಧ ಡಿಗಾಕ್ಸಿನ್ ಮಾತ್ರೆಯನ್ನು ವೈದ್ಯರು ಮೈಕ್ರೋಗ್ರಾಂ ಲೆಕ್ಕದಲ್ಲಿ, ರಕ್ತಪರೀಕ್ಷೆ ನೋಡಿ ಕೊಡುತ್ತಾರೆ. ನಮ್ಮೂರ ಕಣಗಿಲೆಯ ವಿಷವೂ ಇದೇ ಜಾತಿಯದು. ಅದರ ಎಲೆಯನ್ನು ಯಾರೂ ಕುದಿಸಿ ಕುಡಿಯುವುದಿಲ್ಲವಷ್ಟೆ.

ಈಗಾಗಲೇ ಯಾರಾದರೂ ಕುಡಿದಿದ್ದರೆ ವಾಂತಿ ಮಾಡಿಸಲು ಹೋಗದೆ, ಲಕ್ಷಣಗಳಿಗೂ ಕಾಯದೆ, ಬ್ರಿಟನ್ನಿನ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ, ಎಲೆಯೊಂದನ್ನು ಚೀಲದಲ್ಲಿ ಹಾಕಿ ಆಸ್ಪತ್ರೆಗೆ ಒಯ್ಯಿರಿ.