ಮನೆಯೊಳಗೆ ಮಕ್ಕಳ ಫೋಟೋ ಬ್ಲರ್ ಆಗುತ್ತದೆ, ಯಾವ ಕ್ಯಾಮೆರಾ ಕೊಳ್ಳಲಿ?

ಸಂಜೆ ಹೊತ್ತು ಮನೆಯ ದೀಪದ ಬೆಳಕಿನಲ್ಲಿ ಮಗಳು ಆಡುವಾಗ ಫೋನಿನಲ್ಲಿ ತೆಗೆದ ಫೋಟೋ ಬ್ಲರ್ ಆಗುತ್ತದೆ, ಅದಕ್ಕಾಗಿ ಫುಲ್ ಫ್ರೇಮ್ ಕ್ಯಾಮೆರಾ ಕೊಳ್ಳಲೇ, 24 ಮೆಗಾಪಿಕ್ಸೆಲ್ ಸಾಕೇ ಅಥವಾ 45 ಬೇಕೇ, ಟ್ರೈಪಾಡ್ ಮತ್ತು ಫಿಲ್ಟರ್‌ಗಳಿರುವ ಕಿಟ್ ಜೊತೆಗೆ ತೆಗೆದುಕೊಳ್ಳಲೇ ಎಂದು ಕೇಳಿದ್ದೀರಿ. ನೇರವಾಗಿ ಹೇಳುತ್ತೇನೆ. ಈ ಕೆಲಸಕ್ಕೆ ಫುಲ್ ಫ್ರೇಮ್ ಬೇಡ, 45 ಮೆಗಾಪಿಕ್ಸೆಲ್ ಬೇಡ, ಆ ಕಿಟ್ ಅಂತೂ ಬೇಡವೇ ಬೇಡ. ಒಂದು ಸಾಧಾರಣ ಎಪಿಎಸ್-ಸಿ ಕ್ಯಾಮೆರಾ (ಬೆಳಕು ಹಿಡಿಯುವ ಚಿಪ್, ಅಂದರೆ ಸೆನ್ಸರ್, ಫುಲ್ ಫ್ರೇಮಿಗಿಂತ ಸಣ್ಣದಿರುವುದು), ಹೆಚ್ಚು ಬೆಳಕು ಒಳಬಿಡುವ ಒಂದು ಎಫ್/1.8 ಲೆನ್ಸ್, ತಲೆ ತಿರುಗಿಸಬಹುದಾದ ಒಂದು ಫ್ಲ್ಯಾಶ್ ಸಾಕು. ಯಾಕೆ ಎನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಕಾರಣ ಗೊತ್ತಿದ್ದರೆ ಮಾರುವವರು ಏನೇ ಹೇಳಲಿ, ನೀವೇ ತೂಗಿ ನೋಡಬಹುದು.

ಮೊದಲು ಕೆಟ್ಟುಹೋದ ಒಂದು ಫೋಟೋ ತೆರೆದು ದೊಡ್ಡದು ಮಾಡಿ ನೋಡಿ. ಹಿಂದಿರುವ ಗೋಡೆ ಗಡಿಯಾರದ ಅಂಕಿಗಳು ಚೊಕ್ಕವಾಗಿ ಕಾಣುತ್ತಿವೆ, ಮಗಳ ಅಂಗಿಯ ಗುಂಡಿಯೂ ಪರವಾಗಿಲ್ಲ, ಆದರೆ ಕೈಬೆರಳು ಮತ್ತು ಕೂದಲು ಮಾತ್ರ ಗೆರೆಗೆರೆಯಾಗಿ ಎಳೆದುಕೊಂಡಿವೆ ಎಂದರೆ ಅವಳು ಅಲುಗಾಡಿದ ವೇಗಕ್ಕೆ ಶಟರ್ ಸ್ಪೀಡ್ (ಕ್ಯಾಮೆರಾ ಬೆಳಕಿಗೆ ತೆರೆದು ಮುಚ್ಚುವ ವೇಗ) ಸಾಲಲಿಲ್ಲ. ಗಡಿಯಾರ, ಗುಂಡಿ, ಕೂದಲು ಎಲ್ಲವೂ ಒಂದೇ ದಿಕ್ಕಿಗೆ ಎಳೆದುಕೊಂಡಿದ್ದರೆ ನಿಮ್ಮ ಕೈ ಅಲುಗಿದೆ. ಗಡಿಯಾರ ಸ್ಪಷ್ಟ, ಮಗಳು ಇಡಿಯಾಗಿ ಮಂಜು ಎಂದರೆ ಫೋಕಸ್ ತಪ್ಪಿ ಹಿಂದಕ್ಕೆ ಹೋಗಿದೆ. ಇನ್ನು ಕೆನ್ನೆ, ಕೂದಲು, ಬಟ್ಟೆ ಎಲ್ಲ ಒಂದೇ ಸಮ ನುಣ್ಣಗಾಗಿ ವಿವರಗಳೇ ಅಳಿಸಿಹೋಗಿದ್ದರೆ ಅದು ಬೆಳಕಿನ ಕೊರತೆ. ಫೋನು ನಾಯ್ಸ್ (ಕತ್ತಲಲ್ಲಿ ಮೂಡುವ ಕಾಳುಕಾಳು ಚುಕ್ಕೆ) ಒರೆಸಲು ಹೋಗಿ ವಿವರವನ್ನೂ ಒರೆಸಿದೆ. ಫೋನಿನ ನೈಟ್ ಮೋಡ್ ಒಂದರ ಹಿಂದೆ ಒಂದು ಹಲವು ಫ್ರೇಮ್ ತೆಗೆದು ಜೋಡಿಸುತ್ತದೆ. ಗೋಡೆಗೆ, ಕಟ್ಟಡಕ್ಕೆ ಅದು ಸೊಗಸಾಗಿ ಹೊಂದುತ್ತದೆ, ಕುಣಿಯುವ ಮಗುವಿಗೆ ಅಲ್ಲ. ನೀವು ಹೇಳಿದ್ದನ್ನು ನೋಡಿದರೆ ನಿಮ್ಮದು ಮೊದಲ ಬಗೆ, ಜೊತೆಗೆ ಕೊನೆಯದೂ ಸ್ವಲ್ಪ ಸೇರಿರಬೇಕು. ಎರಡಕ್ಕೂ ಮೂಲ ಒಂದೇ: ಸೆನ್ಸರಿಗೆ ತಲುಪುವ ಬೆಳಕು ಕಡಿಮೆ.

ಈಗ ಲೆಕ್ಕ. ಆಡುವ ಮಗು ಚೊಕ್ಕವಾಗಿ ಬರಬೇಕಾದರೆ ಶಟರ್ ಕನಿಷ್ಠ 1/250 ಸೆಕೆಂಡ್ ಇರಬೇಕು, ಜಿಗಿಯುತ್ತಿದ್ದರೆ 1/500. ಸಂಜೆ ದೀಪ ಹಾಕಿದ ಸಾಮಾನ್ಯ ಕೋಣೆಯಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 3200ಕ್ಕೆ ಏರಿಸಿ, ಕ್ಯಾಮೆರಾ ಜೊತೆ ಬರುವ 18-55 ಕಿಟ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಆಗ ಸಿಗುವ ಶಟರ್ ಸುಮಾರು 1/30. ಅದೇ ಕೋಣೆ, ಅದೇ ಐಎಸ್‌ಒ, ಅದೇ ಕ್ಯಾಮೆರಾ, ಲೆನ್ಸ್ ಮಾತ್ರ ಎಫ್/1.8 ಆದರೆ 1/300ರ ಹತ್ತಿರ ಸಿಗುತ್ತದೆ. ಅಪರ್ಚರ್ ಸಂಖ್ಯೆಗಳನ್ನು ಭಾಗಿಸಿ ವರ್ಗ ಮಾಡಿದರೆ ಬೆಳಕಿನ ವ್ಯತ್ಯಾಸ ಬರುತ್ತದೆ. 5.6 ಭಾಗಿಸು 1.8, ಅದರ ವರ್ಗ 9.7. ಅಂದರೆ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು.

ಇದನ್ನು ಫುಲ್ ಫ್ರೇಮಿನ ಲಾಭದ ಪಕ್ಕದಲ್ಲಿಟ್ಟು ನೋಡಿ. ಫುಲ್ ಫ್ರೇಮ್ ಸೆನ್ಸರ್ 36×24 ಮಿಲಿಮೀಟರ್, ಎಪಿಎಸ್-ಸಿ ಸುಮಾರು 23.5×15.6. ವಿಸ್ತೀರ್ಣದಲ್ಲಿ ಮೊದಲನೆಯದು 2.3 ಪಟ್ಟು ದೊಡ್ಡದು. ಕತ್ತಲಲ್ಲಿ ಅದರಿಂದ ಸಿಗುವ ಅನುಕೂಲವೂ ಹೆಚ್ಚುಕಡಿಮೆ ಅಷ್ಟೇ, ಒಂದು ಸ್ಟಾಪಿಗಿಂತ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಸ್ವಲ್ಪ ಮೇಲೆ. ಲೆನ್ಸ್ ಬದಲಿಸಿದರೆ ಹತ್ತು ಪಟ್ಟು, ಸೆನ್ಸರ್ ಬದಲಿಸಿದರೆ ಎರಡೂ ಚಿಲ್ಲರೆ ಪಟ್ಟು. ಫುಲ್ ಫ್ರೇಮ್ ಬಾಡಿಗೇ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾಕ್ಕೇ) ಹಣವೆಲ್ಲ ಸುರಿದು, ಲೆನ್ಸಿಗೆ ಉಳಿಯದೆ ಎಫ್/6.3ರ ಜೂಮ್ ಸಿಕ್ಕಿಸಿಕೊಂಡವರಿಗಿಂತ, ಎಪಿಎಸ್-ಸಿಗೆ ಎಫ್/1.8 ಹಾಕಿದವರು ಮನೆಯೊಳಗೆ ಒಳ್ಳೆಯ ಫೋಟೋ ತೆಗೆಯುತ್ತಾರೆ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಹೊಸಬರು ಬಾಡಿಯ ಮೇಲೆ ತಿಂಗಳುಗಟ್ಟಲೆ ತಲೆಕೆಡಿಸಿಕೊಂಡು, ಲೆನ್ಸನ್ನು ಐದು ನಿಮಿಷದಲ್ಲಿ ಆರಿಸುವುದನ್ನು ನೋಡಿದಾಗ ನಿಜಕ್ಕೂ ಬೇಸರವಾಗುತ್ತದೆ.

ಯಾವ ಲೆನ್ಸ್? ಎಪಿಎಸ್-ಸಿಗೆ 35 ಎಂಎಂ ಅಥವಾ ಅದರ ಆಸುಪಾಸಿನ ಪ್ರೈಮ್, ಅಂದರೆ ಜೂಮ್ ಇಲ್ಲದ ಲೆನ್ಸ್, ತೆಗೆದುಕೊಳ್ಳಿ. 50 ಎಂಎಂ ಹಲವು ಕಂಪನಿಗಳಲ್ಲಿ ಅಗ್ಗ ಎಂದು ಅದನ್ನೇ ಕೊಳ್ಳುವವರು ಬಹಳ. ಆದರೆ ಎಪಿಎಸ್-ಸಿ ಮೇಲೆ ಅದರ ನೋಟ 75 ಎಂಎಂನಷ್ಟು ಇಕ್ಕಟ್ಟಾಗುತ್ತದೆ, ಸಣ್ಣ ಕೋಣೆಯಲ್ಲಿ ಗೋಡೆಗೆ ಬೆನ್ನು ತಾಗಿದರೂ ಮಗು ಫ್ರೇಮಿಗೆ ಹಿಡಿಯುವುದಿಲ್ಲ. 35ರಲ್ಲಿ ಒಂದು ಎಚ್ಚರಿಕೆ ಇದೆ. ಎಫ್/1.8ರಲ್ಲಿ ಒಂದು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 6 ಸೆಂಟಿಮೀಟರ್ ಮಾತ್ರ. ಮೂಗಿನ ತುದಿಗೆ ಫೋಕಸ್ ಬಿದ್ದರೆ ಕಣ್ಣು ತುಸು ಮೆತ್ತಗಾಗುತ್ತದೆ, ಕಿವಿ ಹೋಗಿಯೇ ಬಿಡುತ್ತದೆ. ಎರಡು ಮೀಟರಿಗೆ ಹಿಂದೆ ಸರಿದರೆ ಆ ಆಳ 20 ಸೆಂಟಿಮೀಟರ್ ದಾಟುತ್ತದೆ. ಅದಕ್ಕೇ ಬಾಡಿ ಆರಿಸುವಾಗ ನಾನು ಮೆಗಾಪಿಕ್ಸೆಲ್ ನೋಡುವುದಕ್ಕಿಂತ ಮೊದಲು ಕಣ್ಣು ಗುರುತಿಸಿ ಹಿಂಬಾಲಿಸುವ ಆಟೋಫೋಕಸ್ ಇದೆಯೇ ನೋಡುತ್ತೇನೆ. ಇತ್ತೀಚಿನ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳಲ್ಲಿ ಅದು ಬಹಳ ಚೆನ್ನಾಗಿದೆ. ಮಗು ಆ ಕಡೆ ಈ ಕಡೆ ಓಡಿದರೂ ಚೌಕ ಕಣ್ಣಿಗೇ ಅಂಟಿಕೊಂಡಿರುತ್ತದೆ, ನೀವು ಅವಳ ಮುಖಭಾವಕ್ಕೆ ಕಾಯುವುದೊಂದೇ ಕೆಲಸ.

ಮೆಗಾಪಿಕ್ಸೆಲ್ ವಿಷಯ ಬೇಗ ಮುಗಿಸುತ್ತೇನೆ. 1975ರಲ್ಲಿ ಕೊಡಾಕ್‌ನ ಸ್ಟೀವನ್ ಸ್ಯಾಸನ್ ಕಟ್ಟಿದ ಡಿಜಿಟಲ್ ಕ್ಯಾಮೆರಾದಲ್ಲಿ ಇದ್ದದ್ದು 0.01 ಮೆಗಾಪಿಕ್ಸೆಲ್. 1999ರ ನಿಕಾನ್ ಡಿ1ರಲ್ಲಿ 2.7. ಆ ಕಾಲದಲ್ಲಿ ಒಂದೊಂದು ಮೆಗಾಪಿಕ್ಸೆಲ್ಲೂ ಲೆಕ್ಕಕ್ಕೆ ಬರುತ್ತಿತ್ತು. ಈಗ 24 ಎಂದರೆ 6000×4000 ಪಿಕ್ಸೆಲ್. 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆ) 20 ಇಂಚು ಅಗಲದ ಪ್ರಿಂಟ್ ಬರುತ್ತದೆ. 45ಕ್ಕೆ ಹೋದರೆ ಅಗಲದಲ್ಲಿ ಹೆಚ್ಚುವುದು ಶೇಕಡಾ 37 ಅಷ್ಟೇ, ಫೈಲ್ ಮಾತ್ರ ಹೆಚ್ಚುಕಡಿಮೆ ದುಪ್ಪಟ್ಟು ಭಾರ.

ಬಾಡಿಯ ಬಗ್ಗೆ ಇನ್ನೆರಡು ಮಾತು. ನೀವು ಕೊಳ್ಳುವುದು ಬರೀ ಕ್ಯಾಮೆರಾ ಅಲ್ಲ, ಒಂದು ಮೌಂಟ್. ಮುಂದೆ ಕೊಳ್ಳುವ ಎಲ್ಲ ಲೆನ್ಸೂ ಅದಕ್ಕೆ ಕೂರಬೇಕು. ಸೋನಿ ಇ, ಫ್ಯೂಜಿ ಎಕ್ಸ್, ಕ್ಯಾನನ್ ಆರ್‌ಎಫ್, ನಿಕಾನ್ ಝಡ್ ಇಂಥ ಮೌಂಟುಗಳು. ಮನೆಯಲ್ಲಿ ಅಥವಾ ನೆಂಟರಲ್ಲಿ ಹಳೆಯ ಕ್ಯಾನನ್ ಇಎಫ್ ಲೆನ್ಸ್ ಇದ್ದರೆ ಅಡಾಪ್ಟರ್ ಹಾಕಿ ಆರ್‌ಎಫ್ ಬಾಡಿಯಲ್ಲಿ ಆಟೋಫೋಕಸ್ ಸಹಿತ ಬಳಸಬಹುದು. ನಿಕಾನಿನಲ್ಲಿ ಹುಷಾರಾಗಿರಿ: ಒಳಗೆ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸುಗಳು ಎಫ್‌ಟಿಝಡ್ ಅಡಾಪ್ಟರ್ ಮೂಲಕ ಕೂರುತ್ತವೆ, ಆದರೆ ಫೋಕಸ್ ಕೈಯಲ್ಲೇ ತಿರುಗಿಸಬೇಕು. ಎರಡನೆಯದು, ಮನೆಯೊಳಗೆ ಸೈಲೆಂಟ್ (ಎಲೆಕ್ಟ್ರಾನಿಕ್) ಶಟರ್ ಬಳಸಬೇಡಿ. ಬಹಳಷ್ಟು ಎಲ್‌ಇಡಿ ದೀಪಗಳು ನಮ್ಮ ಕಣ್ಣಿಗೆ ಕಾಣದಂತೆ ಮಿಣುಕುತ್ತಿರುತ್ತವೆ, 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಸಲ. ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಫೋಟೋದ ಮೇಲೆ ಕಪ್ಪು ಪಟ್ಟೆಗಳು ಬೀಳಬಹುದು. ಮೆಕ್ಯಾನಿಕಲ್ ಶಟರಿಗೆ ಹಾಕಿ, ಆಂಟಿ ಫ್ಲಿಕರ್ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಿ.

ಇನ್ನು ಆಕ್ಸೆಸರಿಗಳಲ್ಲಿ ನನಗೆ ಅತ್ಯಂತ ಪ್ರೀತಿಯದು ಫ್ಲ್ಯಾಶ್. ಫ್ಲ್ಯಾಶ್ ಎಂದರೆ ಮುಖ ಬಿಳಚಿಕೊಂಡು, ಹಿಂದೆ ಗೋಡೆಯ ಮೇಲೆ ಕಪ್ಪು ನೆರಳು ಬಿದ್ದ ಫೋಟೋ ಎಂದು ಬಹಳ ಜನ ತಿಳಿದಿದ್ದಾರೆ. ನೇರವಾಗಿ ಮುಖಕ್ಕೆ ಹೊಡೆದರೆ ಹಾಗೆಯೇ ಆಗುತ್ತದೆ. ತಲೆ ತಿರುಗುವ ಫ್ಲ್ಯಾಶ್ ತಂದು, ಅದನ್ನು ಮೇಲಕ್ಕೆ ಎತ್ತಿ ನಿಮ್ಮ ಭುಜದ ಹಿಂದಿನ ಗೋಡೆ ಮತ್ತು ಸೂರು ಸೇರುವ ಮೂಲೆಯ ಕಡೆ ತಿರುಗಿಸಿ. ಬೆಳಕು ಆ ಮೂಲೆಗೆ ಬಡಿದು ಇಡೀ ಗೋಡೆಯಷ್ಟು ಅಗಲವಾಗಿ ವಾಪಸು ಬರುತ್ತದೆ. ಕಿಟಕಿ ಪಕ್ಕ ಕೂತಾಗ ಬೀಳುವಂಥದೇ ಮೃದು ಬೆಳಕು ಅದು. ಕೆನ್ನೆಯ ಒಂದು ಬದಿ ಬೆಳಗಿ, ಇನ್ನೊಂದು ಬದಿಗೆ ನೆರಳು ಮೆಲ್ಲನೆ ಇಳಿಯುತ್ತದೆ, ಎರಡೂ ಕಣ್ಣಲ್ಲಿ ದೊಡ್ಡ ಹೊಳಪು ಕೂರುತ್ತದೆ. ಕ್ಯಾಮೆರಾವನ್ನು ಮ್ಯಾನ್ಯುವಲ್‌ಗೆ ಹಾಕಿ 1/200, ಎಫ್/4, ಐಎಸ್‌ಒ 800 ಇಡಿ, ಫ್ಲ್ಯಾಶನ್ನು ಟಿಟಿಎಲ್‌ನಲ್ಲಿ (ಎಷ್ಟು ಬೆಳಕು ಬೇಕೆಂದು ಕ್ಯಾಮೆರಾವೇ ಅಳೆಯುವ ಮೋಡ್) ಬಿಡಿ. ಈ ಸೆಟ್ಟಿಂಗಿನಲ್ಲಿ ಕೋಣೆಯ ದೀಪದ ಪಾಲು ತೀರಾ ಕಡಿಮೆ, ಚಿತ್ರ ಮೂಡುವುದೇ ಫ್ಲ್ಯಾಶಿನ ಮಿಂಚಿನಿಂದ. ಆ ಮಿಂಚು ಸಾಮಾನ್ಯವಾಗಿ 1/1000 ಸೆಕೆಂಡಿಗಿಂತ ಚಿಕ್ಕದು, ಹಾಗಾಗಿ ಗಾಳಿಯಲ್ಲಿರುವ ಜಡೆಯೂ ನಿಂತುಬಿಡುತ್ತದೆ. ಎಫ್/4 ಇರುವುದರಿಂದ ಫೋಕಸ್ ತುಸು ಆಚೀಚೆ ಆದರೂ ನಡೆಯುತ್ತದೆ. ಒಂದೇ ಷರತ್ತು, ಸೂರು ಮತ್ತು ಗೋಡೆ ಬಿಳಿ ಅಥವಾ ತಿಳಿ ಬಣ್ಣದ್ದಿರಬೇಕು. ಹಸಿರು ಗೋಡೆಗೆ ಹೊಡೆದರೆ ಮಗುವಿನ ಮುಖವೂ ಹಸಿರಾಗುತ್ತದೆ. ಕ್ಯಾಮೆರಾದ ಮೇಲೆಯೇ ಇರುವ ಪುಟ್ಟ ಫ್ಲ್ಯಾಶಿನಿಂದ ಇದೆಲ್ಲ ಆಗುವುದಿಲ್ಲ. ಪವರ್ ಬಗ್ಗೆ ಕೇಳಿದರೆ, ಹೀಗೆ ಗೋಡೆಗೆ ಬಡಿಸಿ ಬೌನ್ಸ್ ಮಾಡುವಾಗ ಬೆಳಕು ಬಹಳ ವ್ಯರ್ಥವಾಗುತ್ತದೆ, ಆದ್ದರಿಂದ ಐಎಸ್‌ಒ 100ಕ್ಕೆ ಗೈಡ್ ನಂಬರ್ (ಫ್ಲ್ಯಾಶಿನ ಶಕ್ತಿಯ ಅಳತೆ) 60ರ ಸುತ್ತಮುತ್ತ ಇರುವುದನ್ನು ತೆಗೆದುಕೊಳ್ಳಿ. ಆ ಸಂಖ್ಯೆಯನ್ನು ಕಂಪನಿಗಳು ಫ್ಲ್ಯಾಶ್ ತಲೆಯನ್ನು ಪೂರ್ತಿ ಜೂಮ್ ಮಾಡಿ ಅಳೆದಿರುತ್ತವೆ, ಹೋಲಿಸುವಾಗ ಎಷ್ಟು ಎಂಎಂ ಜೂಮಿಗೆ ಎಂದು ನೋಡಿ.

ಟ್ರೈಪಾಡ್ ನಿಮ್ಮ ಕೈಯ ಅಲುಗಾಟವನ್ನು ತಡೆಯುತ್ತದೆ, ಮಗುವಿನದನ್ನಲ್ಲ. ಇಮೇಜ್ ಸ್ಟೆಬಿಲೈಸೇಶನ್‌ಗೂ ಇದೇ ಮಾತು. ಎಂಟು ಸ್ಟಾಪ್ ಎಂದು ಬರೆದಿದ್ದರೂ ಓಡುವ ಮಗುವನ್ನು ಅದು ನಿಲ್ಲಿಸಲಾರದು. ಮುಂದೆ ರಾತ್ರಿಯ ಆಕಾಶ, ಜಲಪಾತದ ಫೋಟೋ ತೆಗೆಯುವ ಆಸೆ ಹುಟ್ಟಿದಾಗ ಗಟ್ಟಿಯಾದ ಟ್ರೈಪಾಡ್ ಕೊಳ್ಳಿ. ಕಿಟ್ಟಿನಲ್ಲಿ ಕೊಡುವ ಪ್ಲಾಸ್ಟಿಕ್ ತಲೆಯ ಟ್ರೈಪಾಡುಗಳು ಲೆನ್ಸಿನ ಭಾರಕ್ಕೇ ಮುಂದಕ್ಕೆ ಜಾರುತ್ತವೆ, ನಡುವಿನ ಕಂಬ ಎತ್ತಿದರಂತೂ ಶಟರ್ ಒತ್ತಿದಾಗಲೂ ನಡುಗುತ್ತವೆ. ಕಿಟ್ಟಿನ ಯುವಿ ಫಿಲ್ಟರಿನಿಂದಲೂ ನಿಮಗೆ ಲಾಭವಿಲ್ಲ. ಡಿಜಿಟಲ್ ಸೆನ್ಸರಿನ ಮುಂದಿರುವ ಗಾಜೇ ಯುವಿಯನ್ನು ತಡೆಯುತ್ತದೆ. ಅಗ್ಗದ ಗಾಜನ್ನು ಲೆನ್ಸಿನ ಮುಂದೆ ಸಿಕ್ಕಿಸಿದರೆ ರಾತ್ರಿ ದೀಪಗಳ ಎದುರು ಚಿತ್ರದಲ್ಲಿ ದೀಪದ ಭೂತಬಿಂಬ ಮೂಡುತ್ತದೆ. ಲೆನ್ಸ್ ಕಾಪಾಡಲು ಹುಡ್ ಹಾಕಿ, ಅದು ಪೆಟ್ಟನ್ನೂ ತಡೆಯುತ್ತದೆ, ಓರೆ ಬೆಳಕನ್ನೂ ತಡೆಯುತ್ತದೆ. ಫಿಲ್ಟರುಗಳಲ್ಲಿ ನಾನು ಇಟ್ಟುಕೊಂಡಿರುವುದು ಪೋಲರೈಸರ್. ನೀರು ಮತ್ತು ಎಲೆಯ ಮೇಲಿನ ಹೊಳಪನ್ನು ಅದು ತೆಗೆಯುವ ಹಾಗೆ ಸಾಫ್ಟ್‌ವೇರಿನಲ್ಲಿ ತೆಗೆಯಲಾಗದು. ಆದರೆ ಅದು ಹಗಲಿನ ಹೊರಾಂಗಣಕ್ಕೆ, ನಿಮ್ಮ ಪ್ರಶ್ನೆಗೆ ಅದರ ಸಂಬಂಧವಿಲ್ಲ.

ಮೆಮೊರಿ ಕಾರ್ಡ್ ಕೊಳ್ಳುವಾಗ ನೋಡಿ, ಅದರ ಮೇಲೆ ದೊಡ್ಡಕ್ಷರದಲ್ಲಿ ಬರೆದಿರುವ ವೇಗ ಸಾಮಾನ್ಯವಾಗಿ ಓದುವ ವೇಗ. ನಿಮಗೆ ಬೇಕಾದದ್ದು ಬರೆಯುವ ವೇಗ. ವಿ30 ಗುರುತಿದ್ದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಸತತವಾಗಿ ಬರೆಯುತ್ತದೆ ಎಂದರ್ಥ, ನಿಮ್ಮ ಬಳಕೆಗೆ ಅಷ್ಟು ಸಾಕು. ಒಂದೇ ದೊಡ್ಡ ಕಾರ್ಡಿಗಿಂತ ಎರಡು ಮಧ್ಯಮ ಗಾತ್ರದವು ಕ್ಷೇಮ. ಬ್ಯಾಟರಿಯೂ ಇನ್ನೊಂದು ಇರಲಿ. ಮಿರರ್‌ಲೆಸ್‌ನಲ್ಲಿ ಪರದೆ ಸದಾ ಉರಿಯುವುದರಿಂದ ಕನ್ನಡಿ ಇರುವ ಡಿಎಸ್‌ಎಲ್‌ಆರ್‌ಗಿಂತ ಬೇಗ ಮುಗಿಯುತ್ತದೆ. ವಿಮಾನದಲ್ಲಿ ಹೋಗುವಾಗ ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿನಲ್ಲಿ ಇಡುವಂತಿಲ್ಲ.

ಹಣ ಉಳಿಸಬೇಕೆಂದರೆ ಸೆಕೆಂಡ್ ಹ್ಯಾಂಡ್ ಲೆನ್ಸ್ ನೋಡಿ, ಹೆದರಬೇಕಿಲ್ಲ. ಕೊಳ್ಳುವ ಮುನ್ನ ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಫೋನಿನ ಟಾರ್ಚ್ ಹಾಯಿಸಿ, ಮುಂದಿನಿಂದ ಓರೆಯಾಗಿ ಇಣುಕಿ. ಧೂಳಿನ ಕಣಗಳು ಕಂಡರೆ ಚಿಂತೆಯಿಲ್ಲ, ಫೋಟೋದಲ್ಲಿ ಅವು ಕಾಣುವುದಿಲ್ಲ. ಜೇಡರ ಬಲೆಯ ಎಳೆಗಳಂತೆ ಕವಲೊಡೆದದ್ದು ಕಂಡರೆ ಅದು ಫಂಗಸ್. ಎಷ್ಟೇ ಅಗ್ಗಕ್ಕೆ ಕೊಟ್ಟರೂ ವಾಪಸು ಕೊಟ್ಟುಬಿಡಿ. ಬಾಡಿಯಾದರೆ ಎಫ್/16ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೋ ತೆಗೆದು ಸೆನ್ಸರಿನ ಕಲೆ ನೋಡಿ, ಶಟರ್ ಕೌಂಟ್ (ಇದುವರೆಗೆ ಶಟರ್ ಎಷ್ಟು ಸಲ ಬಿದ್ದಿದೆ ಎಂಬ ಲೆಕ್ಕ) ಕೇಳಿ.

ಅಲ್ಲಿಯವರೆಗೆ, ಇವತ್ತೇ ಮಾಡಬಹುದಾದ ಒಂದು ಕೆಲಸವಿದೆ. ಹಗಲಲ್ಲಿ ಮಗಳ ಆಟದ ಸಾಮಾನನ್ನು ಕಿಟಕಿಯಿಂದ ಒಂದು ಮೀಟರ್ ಒಳಗೆ ಹರಡಿ, ಕೋಣೆಯ ದೀಪ ಆರಿಸಿ, ನೀವು ಕಿಟಕಿಗೆ ಪಕ್ಕವಾಗಿ ಕೂತು ಅದೇ ಫೋನಿನಲ್ಲಿ ತೆಗೆಯಿರಿ. ಆ ಫೋಟೋದ ವಿವರ ತೆರೆದು ಶಟರ್ ಸ್ಪೀಡ್ ಎಷ್ಟಿದೆ ನೋಡಿ, ಸಂಜೆಯದರ ಜೊತೆ ಹೋಲಿಸಿ. ಎರಡೂ ಸಂಖ್ಯೆಗಳನ್ನು ಇಲ್ಲೇ ಕೆಳಗೆ ಬರೆದರೆ ನಿಮ್ಮ ಕೋಣೆಗೆ ಎಫ್/1.8 ಒಂದೇ ಸಾಕೇ, ಫ್ಲ್ಯಾಶೂ ಈಗಲೇ ಬೇಕೇ ಎಂದು ಲೆಕ್ಕ ಹಾಕಿ ಹೇಳುತ್ತೇನೆ.